ಕುಟ್ಟ: ಎರಡು ಅಡುಗೆಮನೆಗಳ ನಡುವಿನ ಬೀದಿ

ಗೋಣಿಕೊಪ್ಪದಿಂದ ಹೊರಟ ಬಸ್ಸು ಪೊನ್ನಂಪೇಟೆ, ಹುದಿಕೇರಿ, ಶ್ರೀಮಂಗಲ ದಾಟಿ ಕುಟ್ಟ ತಲುಪುವಷ್ಟರಲ್ಲಿ ಬಸ್ಸಿನೊಳಗಿನ ಮಾತು ಬದಲಾಗಿಬಿಡುತ್ತದೆ. ಹತ್ತುವಾಗ ಕನ್ನಡ ಮತ್ತು ಕೊಡವ ತಕ್ಕ್ ಕಿವಿಗೆ ಬೀಳುತ್ತಿದ್ದವು. ಶ್ರೀಮಂಗಲದ ನಂತರ ಮಲಯಾಳ ಮೇಲುಗೈ ಪಡೆಯಿತು. ಹಿಂದಿನ ಸೀಟಿನ ಹುಡುಗರು ಆಡುತ್ತಿದ್ದದ್ದು ಅಸ್ಸಾಮಿಯೋ ಬಂಗಾಳಿಯೋ ನನಗೆ ತಿಳಿಯಲಿಲ್ಲ. ಅವರ ಕಾಲಬಳಿ ಇದ್ದ ಚೀಲ, ಕಂಬಳಿ, ಬಕೆಟ್ಟು ನೋಡಿದರೆ ತೋಟದ ಕೆಲಸಕ್ಕೆ ಬಂದವರು. ಕಂಡಕ್ಟರು ಎಲ್ಲರಿಗೂ ಅವರವರ ಭಾಷೆಯಲ್ಲೇ ಚಿಲ್ಲರೆ ಕೇಳುತ್ತಿದ್ದ.

ಕುಟ್ಟ ದಕ್ಷಿಣ ಕೊಡಗಿನ ಕೊನೆಯ ದೊಡ್ಡ ಊರು. ಮೊದಲು ವಿರಾಜಪೇಟೆ ತಾಲ್ಲೂಕಿಗೆ ಸೇರಿತ್ತು, ಈಗ ಹೊಸ ಪೊನ್ನಂಪೇಟೆ ತಾಲ್ಲೂಕಿನಲ್ಲಿದೆ. ಇಲ್ಲಿಂದ ಒಂದು ರಸ್ತೆ ನಾಗರಹೊಳೆ ಕಾಡಿನೊಳಗೆ ಹೊಕ್ಕು ಹುಣಸೂರಿಗೆ ಹೋಗುತ್ತದೆ, ಇನ್ನೊಂದು ತೋಲ್ಪೆಟ್ಟಿಯ ಮೇಲೆ ಕೇರಳದ ಮಾನಂದವಾಡಿಗೆ. ಹೆಚ್ಚಿನ ಪ್ರವಾಸಿಗರಿಗೆ ಕುಟ್ಟ ಎಂದರೆ ಇರ್ಪು ಜಲಪಾತಕ್ಕೋ ತಿರುನೆಲ್ಲಿಗೋ ಹೋಗುವಾಗ ಕಾರಿನ ಕಿಟಕಿಯಲ್ಲಿ ಕಾಣುವ ಐದು ನಿಮಿಷದ ಪೇಟೆ. ನಾನು ಈ ಸಲ ಆ ಐದು ನಿಮಿಷವನ್ನೇ ನಡೆದು ನೋಡಲು ಬಂದವನು. ಊರಿನ ಹೆಸರು ಹೇಳಿದ್ದೇನೆ, ಅಷ್ಟು ಸಾಕು. ಒಳಹೊಕ್ಕ ತೋಟದ್ದು, ಉಂಡ ಹೋಟೆಲುಗಳದ್ದು ಹೆಸರು ಹೇಳುವುದಿಲ್ಲ. ಮಾತಾಡಿದವರೆಲ್ಲ ಮಾತಾಡಿದ್ದು ಆ ನಂಬಿಕೆಯ ಮೇಲೆ.

ಫೆಬ್ರವರಿಯ ಕೊನೆ. ಬಸ್ಸಿಳಿದ ಕೂಡಲೇ ಮೂಗಿಗೆ ಬಡಿದದ್ದು ಕಾಫಿಯ ವಾಸನೆ, ಆದರೆ ಲೋಟದ ಕಾಫಿಯದಲ್ಲ. ಸಿಪ್ಪೆ ಸಮೇತ ಬಿಸಿಲಿಗೆ ಬಿದ್ದ ಕಾಫಿ ಹಣ್ಣು ಹುಳಿಯುತ್ತ ಒಣಗುವಾಗ ಬರುವ, ಸ್ವಲ್ಪ ಹೆಂಡದಂಥ, ಸ್ವಲ್ಪ ಬೆಲ್ಲದಂಥ ವಾಸನೆ. ಜನವರಿಯಿಂದ ಮಾರ್ಚ್‌ವರೆಗೆ ಇಲ್ಲಿ ರೊಬಸ್ಟಾ ಕೊಯ್ಲು. ಪೇಟೆಯಲ್ಲಿ ಓಡಾಡುವ ಪಿಕಪ್ಪುಗಳಲ್ಲಿ ಮುಕ್ಕಾಲು ಪಾಲು ಗೋಣಿಚೀಲ ಹೊತ್ತವೇ.

ಬೆಳಗ್ಗೆಯ ಮೊದಲ ಕೆಲಸವಾಗಿ ಕಾಫಿ ಕುಡಿಯೋಣವೆಂದು ನಿಲ್ದಾಣದ ಪಕ್ಕದ ಹೋಟೆಲಿಗೆ ಹೋದೆ. ಹತ್ತು ಹನ್ನೆರಡು ಮಂದಿ ಕೂತಿದ್ದರು, ಎಲ್ಲರ ಕೈಯಲ್ಲೂ ಚಹಾ. ಹಾಲಿನದು, ಇಲ್ಲವೇ ನಿಂಬೆ ಹಿಂಡಿದ ಕಟ್ಟನ್ ಚಾಯ. ನಾನೊಬ್ಬನೇ ಕಾಫಿ ಕೇಳಿದೆ. ಹುಡುಗ ಸಣ್ಣ ಪೊಟ್ಟಣ ಹರಿದು ಇನ್‌ಸ್ಟಂಟ್ ಪುಡಿ ಹಾಕಿಕೊಟ್ಟ. ದೇಶದ ಕಾಫಿಯ ಮೂರನೇ ಒಂದರಷ್ಟನ್ನು ಬೆಳೆಯುವ ಜಿಲ್ಲೆ ಇದು! ಪಕ್ಕದ ಹಿರಿಯರು ನನ್ನ ಮುಖ ನೋಡಿ ನಕ್ಕರು. ಕಾಫಿ ಬೇಕಿದ್ದರೆ ಮನೆಗೆ ಹೋಗಬೇಕು, ಬೆಲ್ಲ ಹಾಕಿದ ಕರಿ ಕಾಫಿ ಅಲ್ಲಿ ಸಿಗುತ್ತದೆ, ಪೇಟೆಯಲ್ಲಿ ಚಹಾ ಕುಡಿಯಿರಿ ಎಂದರು. ತಿಂಡಿಯ ಪಟ್ಟಿಯಲ್ಲಿ ಇಡ್ಲಿ ಇತ್ತು, ಅದರ ಕೆಳಗೆ ಪುಟ್ಟು ಕಡಲೆ, ಆಮೇಲೆ ಅಕ್ಕಿ ರೊಟ್ಟಿ, ಪರೋಟ. ಪುಟ್ಟು ತಿಂದೆ. ಕೊಳವೆಯಿಂದ ಜಾರಿಸಿದ ಅಕ್ಕಿ ಹಿಟ್ಟಿನ ಉರುಳೆ, ತೆಂಗಿನ ತುರಿಯ ಪದರ, ಮೇಲೆ ಕರಿಕಡಲೆ ಗಸಿ. ಚೆನ್ನಾಗಿತ್ತು.

ಮುಖ್ಯ ಬೀದಿ ಉದ್ದವೇನಿಲ್ಲ. ಬೋರ್ಡುಗಳಲ್ಲಿ ಕನ್ನಡ, ಇಂಗ್ಲಿಷು, ನಡುನಡುವೆ ಮಲಯಾಳ. ಕತ್ತಿ, ಮಚ್ಚು, ಕಳೆ ಕತ್ತರಿಸುವ ಯಂತ್ರ ಮಾರುವ ಅಂಗಡಿ, ಗೊಬ್ಬರದಂಗಡಿ, ಸ್ಪ್ರಿಂಕ್ಲರ್ ಪೈಪುಗಳ ರಾಶಿ, ಒಣಮೀನಿನಂಗಡಿ, ಬೇಕರಿ, ನೇಂದ್ರ ಬಾಳೆಗೊನೆಗಳನ್ನು ನೇತುಹಾಕಿದ ಹಣ್ಣಿನಂಗಡಿ. ಊರೊಳಗೇ ಗುಡಿ, ಮಸೀದಿ, ಚರ್ಚು ಇವೆ. ಮೊಬೈಲ್ ರೀಚಾರ್ಜ್ ಅಂಗಡಿಯ ಗಾಜಿನ ಮೇಲೆ ಬಂಗಾಳಿ ಲಿಪಿಯಲ್ಲಿ ಕೈಬರಹದ ಚೀಟಿ ಅಂಟಿಸಿದ್ದರು, ಏನು ಬರೆದಿದೆ ಎಂದು ಅಂಗಡಿಯವನಿಗೂ ಗೊತ್ತಿರಲಿಲ್ಲ. ಯಾರೋ ಗಿರಾಕಿಯೇ ಅಂಟಿಸಿ ಹೋದದ್ದಂತೆ.

ಬೀದಿಯಲ್ಲಿ ನನ್ನನ್ನು ಹೆಚ್ಚು ಹೊತ್ತು ನಿಲ್ಲಿಸಿದ್ದು ಒಂದು ಮಲೆನಾಡು ಸರಕಿನ ಅಂಗಡಿ. ಒಳಗೆ ಕಾಳುಮೆಣಸಿನ ಚೀಲಗಳು, ಏಲಕ್ಕಿ, ಶುಂಠಿ, ಜೇನುತುಪ್ಪದ ಬಾಟಲಿಗಳು. ಹಲಗೆಯ ಒಂದು ತುದಿಯಲ್ಲಿ ಕಪ್ಪು ದ್ರವದ ಸಣ್ಣ ಬಾಟಲಿಗಳು, ಇನ್ನೊಂದು ತುದಿಯಲ್ಲಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕರಿ ಚಕ್ಕಳದಂಥ ಒಣ ತುಂಡುಗಳು. ಬಾಟಲಿಯಲ್ಲಿದ್ದದ್ದು ಕಾಚಂಪುಳಿ, ಡಬ್ಬಿಯಲ್ಲಿದ್ದದ್ದು ಕುಡಂಪುಳಿ. ಎರಡೂ ಒಂದೇ ಮರದ ಹಣ್ಣು. ಮಲೆನಾಡಿನ ಉತ್ತರ ಭಾಗದವರು ಉಪ್ಪಾಗೆ ಎನ್ನುವ ಮರ ಅದು, ಸಸ್ಯಶಾಸ್ತ್ರದಲ್ಲಿ ಗಾರ್ಸೀನಿಯ ಗಮ್ಮಿಗಟ್ಟ.

ಹಣ್ಣು ಮಾಗುವುದು ಮಳೆಗಾಲದಲ್ಲಿ, ಹಾಗಾಗಿ ನಾನು ಮರದ ಮೇಲೆ ಕಾಯಿ ನೋಡಲಿಲ್ಲ. ಕೆಲಸ ಹೇಗೆ ನಡೆಯುತ್ತದೆ ಎಂದು ಅಂಗಡಿಯಾಕೆ ಬಿಡಿಸಿ ಹೇಳಿದರು. ಕೊಡವರ ಮನೆಗಳಲ್ಲಿ ಮಾಗಿ ಬಿದ್ದ ಹಣ್ಣನ್ನು ಆರಿಸಿ ಬುಟ್ಟಿಯಲ್ಲಿ ರಾಶಿ ಹಾಕುತ್ತಾರೆ. ಕೊಳೆತು ಮೆತ್ತಗಾದಂತೆ ರಸ ತೊಟ್ಟಿಕ್ಕುತ್ತದೆ. ಕೆಳಗಿಟ್ಟ ಪಾತ್ರೆಯಲ್ಲಿ ಸೇರಿದ ಆ ರಸವನ್ನು ಸೋಸಿ, ಜೇನಿಗಿಂತ ಗಟ್ಟಿಯಾಗಿ, ಕಪ್ಪಾಗುವವರೆಗೆ ಕುದಿಸಿ ಬಾಟಲಿಗೆ ತುಂಬಿದರೆ ಕಾಚಂಪುಳಿ. ವರ್ಷಗಟ್ಟಲೆ ಕೆಡುವುದಿಲ್ಲ. ಗಡಿಯಾಚೆ ಅದೇ ಹಣ್ಣಿನ ಬೀಜ ತೆಗೆದು, ಸಿಪ್ಪೆಯನ್ನು ಬಿಸಿಲಿಗಿಟ್ಟು, ಒಲೆಯ ಮೇಲಿನ ಅಟ್ಟದಲ್ಲಿ ಹೊಗೆಗೆ ಒಣಗಿಸುತ್ತಾರೆ. ಕುಡಂಪುಳಿ ಮೀನಿನ ಸಾರಿಗೆ. ಕಾಚಂಪುಳಿ ಹಂದಿಗೆ. ‘ಯಾವುದು ಹೆಚ್ಚು ಖರ್ಚಾಗುತ್ತದೆ’ ಎಂದು ಕೇಳಿದೆ. ‘ಟೂರಿಸ್ಟು ಬಾಟಲಿ ಒಯ್ಯುತ್ತಾರೆ, ಊರವರು ಡಬ್ಬಿ’ ಎಂದರು. ಬಾಟಲಿ ಊರವರ ಮನೆಯಲ್ಲೇ ಇರುತ್ತದಲ್ಲ, ಕೊಳ್ಳುವುದೇಕೆ.

ಎರಡು ರಾಜ್ಯಗಳ ಗಡಿ ಎಲ್ಲಿದೆ ಎಂದು ಯಾರಾದರೂ ನನ್ನನ್ನು ಕೇಳಿದರೆ, ಚೆಕ್‌ಪೋಸ್ಟಿಗೆ ಮೊದಲು ಆ ಹಲಗೆಯನ್ನು ತೋರಿಸುತ್ತೇನೆ. ಚೆಕ್‌ಪೋಸ್ಟನ್ನು ಸರ್ಕಾರ ಬೇಕಾದಲ್ಲಿಗೆ ಸರಿಸಬಹುದು. ಹಣ್ಣನ್ನು ಕುದಿಸಬೇಕೋ ಹೊಗೆಗೆ ಹಾಕಬೇಕೋ ಎಂಬುದನ್ನು ಯಾವ ಸರ್ಕಾರವೂ ಹೇಳಿಕೊಟ್ಟದ್ದಲ್ಲ.

ಪೇಟೆ ಬಿಟ್ಟು ಕಾಲುದಾರಿಯಲ್ಲಿ ಒಂದು ತೋಟಕ್ಕೆ ಹೋದೆ. ಬಿಡಾರದ ಮುಂದೆ ಸಿಮೆಂಟಿನ ಕಣ, ಅದರ ತುಂಬ ಹರಡಿದ ಕಾಫಿ. ಮೊನ್ನೆ ಕೊಯ್ದದ್ದು ಕೆಂಪಗೆ, ವಾರದ ಹಿಂದಿನದು ಕಂದು, ಒಣಗಿದ್ದು ಕರ್ರಗೆ. ಇಬ್ಬರು ಹೆಂಗಸರು ಮರದ ಹಲುಬೆಯಿಂದ ಗೀರು ಎಳೆಯುತ್ತ ಮಗುಚುತ್ತಿದ್ದರು. ಒಂದು ಮುಷ್ಟಿ ಎತ್ತಿ ಅಲುಗಿಸಿದರೆ ಒಳಗಿನ ಬೇಳೆ ಗಲಗಲ ಎನ್ನಬೇಕು, ಆಗ ಒಣಗಿದ ಲೆಕ್ಕ. ಈಗ ತೇವ ಅಳೆಯುವ ಯಂತ್ರವೂ ಇದೆ, ಶೇಕಡಾ ಹನ್ನೊಂದರ ಆಸುಪಾಸು ತೋರಿಸಬೇಕಂತೆ. ಆದರೂ ಮೇಸ್ತ್ರಿ ಮೊದಲು ಕಿವಿಗೇ ಹಿಡಿದ.

ಕಣದ ಆಚೆ ಇಳಿಜಾರು. ಎತ್ತರಕ್ಕೆ ಕಾಡುಮರಗಳು, ಸಿಲ್ವರ್ ಓಕು, ಹಾಲುವಾಣ, ಅವುಗಳ ಮೈಗೆ ಹಬ್ಬಿದ ಮೆಣಸಿನ ಬಳ್ಳಿ, ನೆರಳಲ್ಲಿ ಕಾಫಿ. ಕೊಡಗಿಗೆ ತೋಟದ ಕಾಫಿಯನ್ನು ದೊಡ್ಡ ಪ್ರಮಾಣದಲ್ಲಿ ತಂದದ್ದು 1850ರ ದಶಕದ ಯುರೋಪಿಯನ್ ತೋಟಗಾರರು. ಅದಕ್ಕೂ ಮೊದಲು ಇಲ್ಲಿನ ಬದುಕೆಲ್ಲ ಗದ್ದೆಯದು. ಮೊದಲು ಬಂದದ್ದು ಅರೇಬಿಕಾ. ಕಾಂಡಕೊರಕ ಹುಳ, ಎಲೆಯ ತುಕ್ಕು ರೋಗ ಅದನ್ನು ಕಾಡಿದ ಮೇಲೆ, ಇಪ್ಪತ್ತನೇ ಶತಮಾನದ ಆರಂಭದಿಂದ ತಗ್ಗಿನ ಕಡೆಗಳಲ್ಲಿ ರೊಬಸ್ಟಾ ಬೇರೂರಿತು. ಈಗ ಕುಟ್ಟದ ಸುತ್ತ ಅದರದೇ ರಾಜ್ಯ. ಅದರ ಬೆಲೆ ಕೂಗುವುದು ಲಂಡನ್ನಿನ ವಾಯಿದಾ ಮಾರುಕಟ್ಟೆ. ವಿಯೆಟ್ನಾಮಿನಲ್ಲಿ ಮಳೆ ಕೈಕೊಟ್ಟರೆ ಇಲ್ಲಿ ಹೊಸ ಜೀಪು ಬರುತ್ತದೆ. 2024ರಲ್ಲಿ ಐವತ್ತು ಕೆ.ಜಿ. ರೊಬಸ್ಟಾ ಚೆರಿ ಚೀಲ ಹತ್ತು ಸಾವಿರ ರೂಪಾಯಿ ದಾಟಿದಾಗ ಏನಾಯಿತು ಎಂದು ಮೇಸ್ತ್ರಿಯನ್ನು ಕೇಳಿದೆ. ‘ಕಣಕ್ಕೆ ರಾತ್ರಿ ಕಾವಲು ಬಂತು’ ಎಂದ. ಕೂಲಿ? ಅದು ಅಷ್ಟು ಬೇಗ ಏರಲಿಲ್ಲ ಎಂದು ಹಲುಬೆ ಹಿಡಿದ ಹೆಂಗಸು ತಲೆಯೆತ್ತದೆಯೇ ಹೇಳಿದಳು.

ಒಂದು ಮೂಲೆಯ ಗಿಡಗಳಲ್ಲಿ ಹೂ ಬಂದಿತ್ತು. ರೆಂಬೆಯ ಉದ್ದಕ್ಕೂ ಬೆಳ್ಳಗೆ, ಮಲ್ಲಿಗೆಯಷ್ಟೇ ತೀಕ್ಷ್ಣ ಪರಿಮಳ. ಹೂಮಳೆಗೆ ಕಾಯದೆ ಕೆರೆಯ ನೀರನ್ನು ಸ್ಪ್ರಿಂಕ್ಲರಿನಲ್ಲಿ ಹಾರಿಸಿದ ಭಾಗ ಅದು. ನೀರು ಬಿದ್ದ ಎಂಟೊಂಬತ್ತು ದಿನಕ್ಕೆ ರೊಬಸ್ಟಾ ಅರಳುತ್ತದೆ. ತನ್ನದೇ ಪರಾಗ ಅದಕ್ಕೆ ಆಗುವುದಿಲ್ಲ, ಬೇರೆ ಗಿಡದ್ದು ಗಾಳಿಯಲ್ಲೋ ಜೇನ್ನೊಣದಲ್ಲೋ ಬರಬೇಕು. ಕೆರೆಯಿಲ್ಲದ ತೋಟದವರು ಮಾರ್ಚಿನ ಮೋಡ ನೋಡುತ್ತ ಕೂರುತ್ತಾರೆ.

ತೋಟದ ಅಂಚಿಗೆ ಸೋಲಾರ್ ತಂತಿ, ಅದರಾಚೆ ಆನೆಕಂದಕ. ಕಂದಕದ ಒಂದು ಕಡೆ ಮಣ್ಣು ಕುಸಿದು ಇಳಿಜಾರಾಗಿತ್ತು, ಅಲ್ಲಿ ದೊಡ್ಡ ಹೆಜ್ಜೆಗಳು. ಆನೆಯೇ ಮಣ್ಣು ಕೆಡವಿತೋ, ಮಳೆಗೆ ಕುಸಿದಲ್ಲಿ ಆನೆ ದಾಟಿತೋ, ನೋಡಿ ಹೇಳುವುದು ನನ್ನಿಂದಾಗಲಿಲ್ಲ. ನಾಗರಹೊಳೆ, ಬ್ರಹ್ಮಗಿರಿ, ವಯನಾಡು, ಮೂರೂ ಸಂರಕ್ಷಿತ ಕಾಡುಗಳ ಮಡಿಲಲ್ಲಿದೆ ಕುಟ್ಟ. ಆನೆಗೆ ಮೂರೂ ಒಂದೇ ಕಾಡು. ಹಲಸಿನ ಹಣ್ಣಿನ ಕಾಲದಲ್ಲಿ ತೋಟಕ್ಕೆ ಅವು ಬರುವುದು ಖಾತ್ರಿ. ಕೆಲವರು ಕಾಯಿಯಿರುವಾಗಲೇ ಹಲಸನ್ನು ಕಡಿದು ಕೆಳಗೆ ಹಾಕಿಸುತ್ತಾರೆ.

ತೋಟದ ಲೈನ್ ಮನೆಗಳ ಸಾಲಿನಲ್ಲಿ ಬಹುಪಾಲು ಎರವರ ಕುಟುಂಬಗಳು. ಕೊಡಗಿನ ದಕ್ಷಿಣದಲ್ಲಿ ಎರವರೆಂದೂ, ವಯನಾಡಿನಲ್ಲಿ ಅಡಿಯರೆಂದೂ ಕರೆಸಿಕೊಳ್ಳುವ ಈ ಜನ ತಮ್ಮನ್ನು ರಾವುಳರೆಂದು ಹೇಳಿಕೊಳ್ಳುತ್ತಾರೆ. ಗದ್ದೆ ಉತ್ತವರು, ನಾಟಿ ಮಾಡಿದವರು, ಕಾಫಿ ಕೊಯ್ದವರು ಇವರೇ. ಕೊಡಗಿನ ಪರಿಚಯ ಎಂದರೆ ಐನ್‌ಮನೆ, ಕುಪ್ಯಚೇಲೆ ಉಡುಪು, ಸೊಂಟದ ಪೀಚೆಕತ್ತಿ ಎಂದು ಶುರುವಾಗುವ ಬರಹಗಳಲ್ಲಿ ಇವರು ಕೊನೆಯ ಪ್ಯಾರಾದಲ್ಲಿ ಬರುತ್ತಾರೆ, ಇಲ್ಲವೇ ಬರುವುದೇ ಇಲ್ಲ. ಅದು ನನಗೆ ಸರಿಕಾಣುವುದಿಲ್ಲ. ಮಾನಂದವಾಡಿಯ ಬಳಿ ವಳ್ಳಿಯೂರ್‌ಕಾವು ಎಂಬ ದೇವಿಯ ಗುಡಿಯಿದೆ. ಮಾರ್ಚಿನಲ್ಲಿ ನಡೆಯುವ ಅದರ ಜಾತ್ರೆಗೆ ಒಂದು ಕಾಲದಲ್ಲಿ ಸುತ್ತಲಿನ ಜಮೀನ್ದಾರರು ಬರುತ್ತಿದ್ದದ್ದು ಆಳುಗಳನ್ನು ಗೊತ್ತುಮಾಡಿಕೊಳ್ಳಲು. ದೇವಿಯ ಎದುರು ಸಣ್ಣ ಮುಂಗಡ ಹಣ ಪಡೆದ ಆದಿವಾಸಿ ಕುಟುಂಬ ವರ್ಷವಿಡೀ ಆ ಒಡೆಯನದು. ದೇವಿಯ ಮೇಲಿನ ಆಣೆ ಮುರಿಯುವ ಧೈರ್ಯ ಯಾರಿಗೂ ಇರುತ್ತಿರಲಿಲ್ಲ. ಜೀತವನ್ನು ಕಾನೂನು ರದ್ದು ಮಾಡಿದ್ದು 1976ರಲ್ಲಿ. ಜಾತ್ರೆ ಇಂದಿಗೂ ನಡೆಯುತ್ತದೆ, ಈಗ ಅದು ಬರೀ ಜಾತ್ರೆ.

ಬಿಸಿಲೇರುವ ಮೊದಲು ಆಟೋ ಹಿಡಿದು ಇರ್ಪುವಿಗೆ ಹೋದೆ. ಹತ್ತು ಕಿಲೋಮೀಟರಿನೊಳಗಿನ ದಾರಿ. ಗದ್ದೆಗಳ ನಡುವೆ ರಾಮೇಶ್ವರ ದೇವಸ್ಥಾನ, ಪಕ್ಕದಲ್ಲಿ ಲಕ್ಷ್ಮಣತೀರ್ಥ ಹೊಳೆ. ಸೀತೆಯನ್ನು ಹುಡುಕುತ್ತ ಬಂದ ರಾಮನಿಗೆ ಬಾಯಾರಿತೆಂದು ಲಕ್ಷ್ಮಣ ಬ್ರಹ್ಮಗಿರಿಗೆ ಬಾಣ ಬಿಟ್ಟ, ನೀರು ಚಿಮ್ಮಿತು ಎಂಬುದು ಕತೆ. ಶಿವರಾತ್ರಿಗೆ ಇಲ್ಲಿ ಕಾಲಿಡಲು ಜಾಗವಿರುವುದಿಲ್ಲ. ನಾನು ಹೋದ ದಿನ ಜನ ಕಡಿಮೆ, ಕೋತಿ ಹೆಚ್ಚು. ಮೆಟ್ಟಿಲು ಹತ್ತಿ ಎತ್ತರದ ಬಂಡೆಯ ಮುಂದೆ ನಿಂತೆ. ಬೇಸಿಗೆ ಹತ್ತಿರವಾದ್ದರಿಂದ ನೀರು ಎರಡು ಮೂರು ಎಳೆಗಳಾಗಿ ಇಳಿಯುತ್ತಿತ್ತು. ಜೂನ್ ನಂತರ ಬಂದವರಿಗೆ ಇದೇ ಬಂಡೆ ಕಾಣಿಸುವುದೇ ಇಲ್ಲ. ಜಿಗಣೆಯ ಭಯವಿಲ್ಲದೆ ನಿಲ್ಲಬೇಕಿದ್ದರೆ ಫೆಬ್ರವರಿಯೇ ಒಳ್ಳೆಯದು.

ಜಲಪಾತಕ್ಕಿಂತ ಅದರ ನೀರು ಹೋಗುವ ದಾರಿ ನನಗೆ ರುಚಿಸಿತು. ಬ್ರಹ್ಮಗಿರಿಯ ಈ ಮಗ್ಗುಲಿನ ನೀರು ಲಕ್ಷ್ಮಣತೀರ್ಥವಾಗಿ ಹುಣಸೂರಿನ ಮೇಲೆ ಹರಿದು ಕೃಷ್ಣರಾಜಸಾಗರದಲ್ಲಿ ಕಾವೇರಿ ಸೇರುತ್ತದೆ. ಬೆಟ್ಟದ ಆಚೆ ಮಗ್ಗುಲು ಕೇರಳ, ತಿರುನೆಲ್ಲಿ. ಅಲ್ಲಿನ ಪಾಪನಾಶಿನಿಯ ನೀರು ಕಾಳಿಂದಿ ಹೊಳೆಗೆ, ಅಲ್ಲಿಂದ ಕಬಿನಿಗೆ, ಕಬಿನಿ ತಿರುಮಕೂಡಲು ನರಸೀಪುರದಲ್ಲಿ ಮತ್ತೆ ಕಾವೇರಿಗೆ. ಕೇರಳದ ನದಿಗಳಲ್ಲಿ ಹೆಚ್ಚಿನವು ಪಶ್ಚಿಮಕ್ಕೆ ಇಳಿದರೆ ಇದು ತಿರುಗಿ ನಮ್ಮ ಕಡೆಗೇ ಬರುತ್ತದೆ. ಅದೇ ಬೆಟ್ಟಸಾಲಿನ ಪಡುವಣ ಮಗ್ಗುಲಿನ ಬರಪೊಳೆ ಮಾತ್ರ ನೆಟ್ಟಗೆ ಅರಬ್ಬಿ ಸಮುದ್ರಕ್ಕೆ. ಹಿರಿಯರಿಗೆ ಪಿಂಡ ಬಿಡಲು ಕೊಡಗಿನವರು ತಿರುನೆಲ್ಲಿಗೆ ಹೋಗುವುದು ಹಳೆಯ ವಾಡಿಕೆ. ಎರವರ ಸತ್ತವರೂ ಅಲ್ಲಿಗೇ ಸೇರುತ್ತಾರೆಂಬ ನಂಬಿಕೆಯಿದೆ.

ವಾಪಸ್ಸು ಬಂದದ್ದು ಊಟದ ಹೊತ್ತಿಗೆ. ಪಂದಿ ಕರಿ ಎಲ್ಲಿ ಚೆನ್ನಾಗಿರುತ್ತದೆ ಎಂದು ಆಟೋದವನನ್ನು ಕೇಳಿದರೆ, ಬೋರ್ಡಿಲ್ಲದ ಒಂದು ಮನೆ ಹೋಟೆಲಿನ ಮುಂದೆ ಇಳಿಸಿದ. ನಾಲ್ಕು ಮೇಜು. ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಲು ಬಿಟ್ಟರು. ಕೊತ್ತಂಬರಿ, ಜೀರಿಗೆ, ಸಾಸಿವೆ, ಮೆಣಸು ಹಾಕಿ ಹುರಿಯುತ್ತಿದ್ದರು, ಇನ್ನೇನು ಸೀದೇ ಹೋಯಿತು ಎನ್ನುವವರೆಗೆ. ಪಂದಿ ಕರಿಯ ಕಪ್ಪು ಬರುವುದು ಅರ್ಧ ಆ ಹುರಿತದಿಂದ, ಇನ್ನರ್ಧ ಕೊನೆಗೆ ಬೀಳುವ ಕಾಚಂಪುಳಿಯಿಂದ. ಹಂದಿಯ ಕೊಬ್ಬಿನಲ್ಲೇ ಮಾಂಸ ಬೇಯುತ್ತದೆ, ಎಣ್ಣೆ ಬೇಕಾಗುವುದಿಲ್ಲ. ಕಾಚಂಪುಳಿ ಮೊದಲೇ ಬಿದ್ದರೆ ಮಾಂಸ ಗಟ್ಟಿಯಾಗುತ್ತದೆ ಎಂದು ಅಡುಗೆಯವರು ಎಚ್ಚರಿಸಿದರು. ಬಾಟಲಿ ಒಯ್ಯುವ ಪ್ರವಾಸಿಗರಿಗೆ ಇದನ್ನು ಯಾರೂ ಹೇಳುವುದಿಲ್ಲವಂತೆ.

ಜೊತೆಗೆ ಕಡಂಬಿಟ್ಟು, ಅಂದರೆ ಅಕ್ಕಿ ತರಿಯನ್ನು ಬೇಯಿಸಿ ಉಂಡೆ ಕಟ್ಟಿ ಹಬೆಯಲ್ಲಿಟ್ಟದ್ದು. ಅಕ್ಕಿ ರೊಟ್ಟಿಯೂ ಇತ್ತು. ನೂಲ್‌ಪುಟ್ಟು ಕೋಳಿ ಸಾರಿನ ಜೋಡಿ, ಅದು ಭಾನುವಾರ ಮಾತ್ರ. ಬೈಂಬಳೆ ಕೇಳಿದೆ. ಎಳೆ ಬಿದಿರು ಮೊಳೆಯುವುದು ಮಳೆ ಬಿದ್ದ ಮೇಲೆ, ಈಗ ಉಪ್ಪಿನಲ್ಲಿಟ್ಟದ್ದು ಮಾತ್ರ ಇದೆ ಎಂದರು. ಅಣಬೆಯೂ ಹಾಗೇ. ಈ ಊರಿನ ಅಡುಗೆಯ ಸಿರಿಯೆಲ್ಲ ಮಳೆಗಾಲದಲ್ಲಿದೆ, ಪ್ರವಾಸಿಗರು ಬರುವುದು ಬಿಸಿಲಿನಲ್ಲಿ. ಆಟಿ ತಿಂಗಳ ಹದಿನೆಂಟಕ್ಕೆ, ಆಗಸ್ಟ್ 3ರ ಹೊತ್ತಿಗೆ, ಮದ್ದು ಸೊಪ್ಪಿನ ಪಾಯಸ ಮಾಡುತ್ತಾರೆ. ಸೊಪ್ಪನ್ನು ಬೇಯಿಸಿದ ನೀರು ಕಡುನೇರಳೆ. ಅಂದು ಅದರಲ್ಲಿ ಹದಿನೆಂಟು ಔಷಧಿಗಳು ಸೇರಿರುತ್ತವೆ ಎಂಬ ನಂಬಿಕೆ. ಮರುದಿನ ಮೂತ್ರ ಕೆಂಪಗಾದಾಗ ಹೊಸಬರು ಗಾಬರಿಯಾಗುವುದು ಮನೆಮನೆಯ ತಮಾಷೆ.

ಉಣ್ಣುತ್ತಿದ್ದ ಇನ್ನೊಬ್ಬರು, ನನಗಿಂತ ಎರಡು ಪಟ್ಟು ಬೇಗ ತಟ್ಟೆ ಖಾಲಿ ಮಾಡಿದವರು, ಇದೆಲ್ಲ ಫಾರಂ ಹಂದಿ ಎಂದು ಗೊಣಗಿದರು. 1972ರ ವನ್ಯಜೀವಿ ಕಾಯ್ದೆಗೆ ಮೊದಲು ಪಂದಿ ಕರಿ ಎಂದರೆ ಕಾಡುಹಂದಿಯೇ. ಕೈಲ್ ಮುಹೂರ್ತದ ಹಬ್ಬ, ಸೆಪ್ಟೆಂಬರ್ 3ರದು, ನಾಟಿ ಕೆಲಸ ಮುಗಿಸಿ ಕೋವಿಗೆ ಪೂಜೆ ಮಾಡಿ ಬೇಟೆಗೆ ಹೊರಡುವ ಹಬ್ಬವಾಗಿತ್ತು. ಕೋವಿ ಇನ್ನೂ ಇದೆ. ಕೊಡವರಿಗೂ ವಂಶಪಾರಂಪರ್ಯದ ಜಮ್ಮಾ ಜಮೀನಿನ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಇರುವ ಪರವಾನಗಿ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಇನ್ನೂ ಹತ್ತು ವರ್ಷಕ್ಕೆ ಮುಂದುವರಿಸಿದೆ. ಬೇಟೆ ಹೋಯಿತು. ಈಗ ಹಬ್ಬದಲ್ಲಿ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುತ್ತಾರೆ. ಹಂದಿ ಫಾರಮ್ಮಿನಿಂದ ಬರುತ್ತದೆ. ನನಗೆ ರುಚಿಯಲ್ಲಿ ಕೊರತೆಯೇನೂ ಕಾಣಲಿಲ್ಲ, ಆದರೆ ನಾನು ಹಳೆಯದನ್ನು ಉಂಡವನೂ ಅಲ್ಲ.

ಮಧ್ಯಾಹ್ನ ಮೂರರ ಹೊತ್ತಿಗೆ ತೋಲ್ಪೆಟ್ಟಿ ರಸ್ತೆ ಹಿಡಿದು ನಡೆದೆ. ಅಂಗಡಿಗಳು ಮುಗಿದು ತೋಟದ ಬೇಲಿಗಳು ಶುರುವಾದವು. ಎದುರಿನಿಂದ ಕೇರಳದ ಕಾರುಗಳು. ಗಡಿಯ ಈಚೆ ಮದ್ಯದಂಗಡಿ. ಪ್ರತಿ ತಿಂಗಳ ಒಂದನೇ ತಾರೀಕು ಕೇರಳದಲ್ಲಿ ಮದ್ಯದಂಗಡಿ ಮುಚ್ಚುವುದರಿಂದ ಅಂದು ಇಲ್ಲಿ ವ್ಯಾಪಾರ ಜೋರು ಎಂದು ಪಕ್ಕದ ಬೀಡಾ ಅಂಗಡಿಯವ ಹೇಳಿದ. ಆಚೆ ಲಾಟರಿ. ಕರ್ನಾಟಕ 2007ರಲ್ಲಿ ಲಾಟರಿ ನಿಲ್ಲಿಸಿತು, ಕೇರಳ ಸರ್ಕಾರ 1967ರಿಂದ ತಾನೇ ನಡೆಸುತ್ತಿದೆ. ಕುಡಿಯುವ ಆಸೆ ಉತ್ತರಕ್ಕೂ, ಗೆಲ್ಲುವ ಆಸೆ ದಕ್ಷಿಣಕ್ಕೂ ನಡೆದು ಬರುತ್ತದೆ.

ಚೆಕ್‌ಪೋಸ್ಟಿನಲ್ಲಿ ನೋಡುವಂಥದ್ದು ಏನಿಲ್ಲ. ಒಂದು ಕಂಬ, ಒಂದು ಕೋಣೆ, ಬೇಸರಗೊಂಡ ಇಬ್ಬರು ಸಿಬ್ಬಂದಿ. ನಡೆದು ಹೋಗುವವನನ್ನು ಅವರು ಕೇಳಲೂ ಇಲ್ಲ. 2020ರ ಲಾಕ್‌ಡೌನಿನಲ್ಲಿ ಮಾತ್ರ ಈ ದಾರಿ ನಿಜವಾಗಿ ಮುಚ್ಚಿತ್ತು. ಆಚೆ ಬದಿಯ ತೋಟಕ್ಕೆ ಕೆಲಸಕ್ಕೆ ಹೋಗುವವರು, ಈಚೆ ಬದಿಗೆ ಮದುವೆಯಾಗಿ ಬಂದ ಹೆಣ್ಣುಮಕ್ಕಳು, ಮಾನಂದವಾಡಿಯ ಆಸ್ಪತ್ರೆಯನ್ನೇ ನೆಚ್ಚಿದವರು, ಎಲ್ಲರಿಗೂ ಆಗ ಇದೊಂದು ಗಡಿ ಎಂಬುದು ತಿಳಿಯಿತು.

ಈ ಗೆರೆಗೆ ವಯಸ್ಸು ಹೆಚ್ಚೇ ಆಗಿದೆ. 1834ರಲ್ಲಿ ಕಂಪನಿ ಸರ್ಕಾರ ಹಾಲೇರಿ ವಂಶದ ಕೊನೆಯ ಅರಸನನ್ನು ಇಳಿಸಿ ಕೊಡಗನ್ನು ಪ್ರತ್ಯೇಕ ಪ್ರಾಂತವಾಗಿಟ್ಟುಕೊಂಡಾಗ, ಬೆಟ್ಟದ ಆಚೆಯ ವಯನಾಡು ಮದ್ರಾಸಿನ ಮಲಬಾರ್ ಜಿಲ್ಲೆಯಲ್ಲಿತ್ತು. ಸ್ವಾತಂತ್ರ್ಯದ ನಂತರವೂ ಕೊಡಗು ಕೆಲವು ವರ್ಷ ತನ್ನದೇ ಶಾಸನಸಭೆಯ ಪುಟ್ಟ ರಾಜ್ಯ. 1956ರ ನವೆಂಬರ್ 1ರಂದು ಒಂದೇ ದಿನ ಎರಡೂ ಕಡೆಯವರ ವಿಳಾಸ ಬದಲಾಯಿತು. ಕೊಡಗು ಮೈಸೂರಿಗೆ, ಮಲಬಾರು ಕೇರಳಕ್ಕೆ. ಭಾಷೆಯ ಲೆಕ್ಕದಲ್ಲಿ ಎಳೆದ ಗೆರೆ ಎನ್ನುತ್ತಾರೆ. ಆದರೆ ಗೆರೆಯ ಈಚೆ ಕುಟ್ಟದ ಪೇಟೆ ಅರ್ಧ ಮಲಯಾಳ ಮಾತಾಡುತ್ತದೆ. ಆಚೆ ಕಲ್ಪೆಟ್ಟದ ಸುತ್ತ ಕನ್ನಡ ಮೂಲದ ಜೈನ ಗೌಡರ ಹಳೆಯ ಕಾಫಿ ತೋಟಗಳೂ ಬಸದಿಗಳೂ ಇವೆ. ಕೊಡವ ತಕ್ಕ್ ಮತ್ತು ರಾವುಳರ ಮಾತನ್ನು ಯಾವ ಕಡೆಯ ಲೆಕ್ಕಕ್ಕೂ ಯಾರೂ ಹಿಡಿಯಲಿಲ್ಲ.

ಗೆರೆ ದಾಟಿದ ಮೇಲೆ ಏನು ಬದಲಾಯಿತು ಎಂದು ಗಮನಿಸುತ್ತ ಹೋದೆ. ರಸ್ತೆ ಸ್ವಲ್ಪ ನುಣುಪು. ಬಸ್‌ ತಂಗುದಾಣದ ಗೋಡೆಗಳ ಮೇಲೆ ಪಕ್ಷಗಳ ಬಾವುಟ, ಬರಹ ಹೆಚ್ಚು. ಮನೆಗಳು ರಸ್ತೆಗೆ ಹತ್ತಿರ. ಕೊಡಗಿನಲ್ಲಿ ಮನೆ ಎಂದರೆ ತೋಟದೊಳಗೆ ಎಲ್ಲೋ, ಗೇಟು ಮಾತ್ರ ಕಾಣುತ್ತದೆ. ಮರಗಳು ಅವೇ, ಕಾಫಿಯೂ ಅದೇ ರೊಬಸ್ಟಾ. ತೋಲ್ಪೆಟ್ಟಿಯಲ್ಲಿ ವಯನಾಡು ಅಭಯಾರಣ್ಯದ ಸಫಾರಿ ಗೇಟಿನ ಮುಂದೆ ಜೀಪುಗಳ ಸಾಲು. ಸಫಾರಿಗೆ ಹೋಗಲಿಲ್ಲ, ಹಸಿವಾಗಿತ್ತು. ಪಂದಿ ಕರಿ ಅರಗುವಷ್ಟು ನಡೆದಿದ್ದೆ.

ರಸ್ತೆ ಬದಿಯ ಊಟದ ಮನೆ. ಪಟ್ಟಿಯನ್ನು ಬಾಯಲ್ಲೇ ಹೇಳಿದರು: ಪರೋಟ, ಬೀಫ್ ಫ್ರೈ, ಮೀನಿನ ಕರಿ, ಕಪ್ಪ. ಕೊನೆಗೆ, ಪೋರ್ಕ್ ಕೂಡ ಇದೆ ಎಂದರು. 1940ರ ದಶಕದ ಆಚೀಚೆ ತಿರುವಾಂಕೂರಿನಿಂದ ಕಾಡು ಕಡಿದು ಬೆಳೆ ತೆಗೆಯಲು ವಯನಾಡಿಗೆ ಗುಂಪುಗುಂಪಾಗಿ ಬಂದ ಕ್ರೈಸ್ತ ರೈತರು ತಂದ ಹಂದಿ ಅಡುಗೆ ಅದು. ತೆಂಗಿನ ಚೂರು, ಕರಿಬೇವು ಹಾಕಿ ಒಣಗಿಸಿ ಹುರಿದದ್ದು. ಕಾಚಂಪುಳಿಯ ಸುಳಿವಿಲ್ಲ. ಮಧ್ಯಾಹ್ನವಷ್ಟೇ ಹಂದಿ ತಿಂದದ್ದರಿಂದ ಒಂದೇ ಚೂರು ರುಚಿ ನೋಡಿ, ಮೀನಿಗೂ ಕಪ್ಪಕ್ಕೂ ಹೇಳಿದೆ. ಬೇಯಿಸಿದ ಮರಗೆಣಸಿನ ಮುದ್ದೆಯ ಪಕ್ಕ ಮಣ್ಣಿನ ಚಟ್ಟಿಯಲ್ಲಿ ಕೆಂಪು ಸಾರು. ಅದರೊಳಗೆ ಎರಡು ಕರಿ ತುಂಡು. ಬೆಳಗ್ಗೆ ಡಬ್ಬಿಯಲ್ಲಿ ಕಂಡ ಸರಕು. ಹುಳಿಗೆ ಹೊಗೆಯ ವಾಸನೆಯಿತ್ತು, ಹುಣಸೆಗಿಲ್ಲದ ಒಂದು ತೂಕವಿತ್ತು.

ಅಡುಗೆ ಮಾಡಿದ ಹೆಂಗಸು ಹೊರಬಂದು ಕೂತರು. ನನ್ನ ಹರಕು ಮಲಯಾಳ ಕೇಳಲಾರದೆ ಕನ್ನಡಕ್ಕೆ ಇಳಿದರು. ಅವರ ತವರು ಕುಟ್ಟದ ಕಡೆ, ಶಾಲೆ ಓದಿದ್ದು ಕನ್ನಡದಲ್ಲಿ. ಕಾಚಂಪುಳಿ ಹಾಕಿ ಮೀನು ಮಾಡಿದ್ದೀರಾ ಎಂದೆ. ಒಮ್ಮೆ ಮಾಡಿದ್ದರಂತೆ, ಮದುವೆಯಾದ ಹೊಸದರಲ್ಲಿ, ಮನೆಯಲ್ಲಿ ಪುಳಿ ಮುಗಿದಿತ್ತೆಂದು. ಸಾರು ಕಪ್ಪಾಗಿ, ಅತ್ತೆ ಮುಟ್ಟಲಿಲ್ಲ, ಗಂಡ ಎರಡು ಸಲ ಬಡಿಸಿಕೊಂಡ. ಈಗಲೂ ತಾಯಿಮನೆಯಿಂದ ವರ್ಷಕ್ಕೊಂದು ಬಾಟಲಿ ಬರುತ್ತದೆ. ಹೋಗುವಾಗ ಇವರು ಅಟ್ಟದ ಮೇಲೆ ಒಣಗಿದ ಪುಳಿ ಒಯ್ಯುತ್ತಾರೆ. ಆ ಪುಳಿಯ ಹಣ್ಣು ಎಲ್ಲಿಂದ ಎಂದರೆ, ತವರಿನ ಗದ್ದೆ ಬದುವಿನ ಮರದ್ದೇ.

ಅಷ್ಟರಲ್ಲಿ ಐದು ದಾಟಿತ್ತು. ಹುಣಸೂರಿಗೆ ನಾಗರಹೊಳೆಯ ದಾರಿಯಲ್ಲೇ ಹೋಗಿಬಿಡೋಣವೆಂದು ಕೇಳಿದರೆ ಜೀಪಿನವ ತಲೆ ಆಡಿಸಿದ. ಸಂಜೆ ಆರಕ್ಕೆ ಗೇಟು ಹಾಕಿದರೆ ಬೆಳಗ್ಗೆ ಆರರವರೆಗೆ ತೆಗೆಯುವುದಿಲ್ಲ, ಒಳಗೆ ಸಿಕ್ಕಿಬಿದ್ದರೆ ದಂಡ, ಆನೆ ಸಿಕ್ಕಿದರೆ ದಂಡಕ್ಕಿಂತ ಹೆಚ್ಚು. ಗೋಣಿಕೊಪ್ಪದ ಬಸ್ಸಿಗೆ ಕುಟ್ಟಕ್ಕೆ ಬಿಡುತ್ತೇನೆ, ಬೇಗ ಹತ್ತಿ ಎಂದ.